ಜೋಡಿಯ ಸರದಿ

“ಗುರುಗಳೇ, ಎಲ್ಲರಿಗಿಂತ ಮೊದಲು ಗರಡಿಗೆ ಬರ್ತೀನಿ, ಎಲ್ಲರೂ ಹೋದ ಮೇಲೆ ಹೋಗ್ತೀನಿ. ಆದ್ರೂ ಕಲಿತಿದ್ದು ಸಾಲದು ಅನ್ಸುತ್ತೆ. ಅಭ್ಯಾಸದಿಂದ ಇನ್ನೂ ಹೆಚ್ಚು ದಕ್ಕಬೇಕಾದ್ರೆ ನಾನೇನು ಮಾಡ್ಬೇಕು?”

ಗರಡಿಯ ಕಟ್ಟೆಯ ಮೇಲೆ ಕುಳಿತಿದ್ದ ಗುರು ಹುಲಿಯಪ್ಪನವರನ್ನು ಶಿಷ್ಯ ದ್ಯಾವಣ್ಣ ಹೀಗೆ ಕೇಳಿದ. ಪ್ರಶ್ನೆಯ ಹಿಂದೆ ಇನ್ನೊಂದು ಮಾತಿತ್ತು. ಅದನ್ನೂ ಹೇಳಿಬಿಟ್ಟ.

“ಇಲ್ಲಿ ನನ್ನನ್ನ ಕೆಡವೋರು ಯಾರೂ ಉಳಿದಿಲ್ಲ. ತಾವು ಅಪ್ಪಣೆ ಕೊಟ್ರೆ ಪಟ್ಟಣದ ಗರಡಿಗೆ ಹೋಗ್ತೀನಿ.”

ಹೇಳಿದ ಮೇಲೆ ಅವನಿಗೆ ಹೆದರಿಕೆಯಾಯಿತು. ತಂದೆಯಿಲ್ಲದ ಅವನಿಗೆ ಅನ್ನವನ್ನೂ ಕುಸ್ತಿಯನ್ನೂ ಕೊಟ್ಟವರು ಈ ಮುದುಕರು. ಹೋದರೆ ಅವರ ಮನಸ್ಸು ನೋಯುತ್ತದೆ, ಹೋಗದಿದ್ದರೆ ತಾನು ಇಷ್ಟಕ್ಕೇ ನಿಂತುಬಿಡುತ್ತೇನೆ ಎಂಬ ಸಂಕಟ. ಹುಲಿಯಪ್ಪನವರು ಮುಖ ಗಂಟಿಕ್ಕಲಿಲ್ಲ. ಅವನ ತೋಳಿಗೆ ಅಂಟಿದ್ದ ಮಣ್ಣನ್ನು ಕೈಯಿಂದ ಒರೆಸುತ್ತ, “ಹೋಗುವೆಯಂತೆ. ಒಂದು ಕತೆ ಕೇಳಿಕೊಂಡು ಹೋಗು” ಎಂದರು.

ಒಬ್ಬ ಪೈಲ್ವಾನನಿದ್ದ. ಅವನಿಗೊಬ್ಬ ಜೋಡಿ. ಗರಡಿಯಲ್ಲಿ ಜೋಡಿಯೆಂದರೆ ದಿನವೂ ಜೊತೆಯಲ್ಲಿ ಅಭ್ಯಾಸ ಮಾಡುವವನು. ಅಭ್ಯಾಸಕ್ಕೆ ಒಂದು ಪದ್ಧತಿಯಿದೆ. ಒಬ್ಬ ಪಟ್ಟು ಹಾಕುವಾಗ ಇನ್ನೊಬ್ಬ ಮೈ ಕೊಡಬೇಕು. ಆಮೇಲೆ ಸರದಿ ಬದಲಾಗಬೇಕು. ನಮ್ಮ ಪೈಲ್ವಾನನಿಗೆ ಕಲಿಯುವ ಹಸಿವು ಜಾಸ್ತಿ. ತನ್ನ ಸರದಿ ಮುಗಿದರೂ ಇನ್ನೊಂದು ಸಲ, ಇನ್ನೊಂದೇ ಸಲ ಎನ್ನುತ್ತಿದ್ದ. ಜೋಡಿ ಒಳ್ಳೆಯವನು, ಗೆಳೆಯನ ಮಾತನ್ನು ತೆಗೆದುಹಾಕಲಾರ. ಮತ್ತೆ ಮೈ ಕೊಡುತ್ತಿದ್ದ. ಹೀಗೆ ಜೋಡಿಯ ಸರದಿಯೂ ಪೈಲ್ವಾನನ ಪಾಲಿಗೇ ಬಂತು. ತನಗೆ ಎರಡರಷ್ಟು ಅಭ್ಯಾಸವಾಗುತ್ತಿದೆಯೆಂದು ಅವನು ಒಳಗೊಳಗೇ ಹಿಗ್ಗಿದ.

ದಿನಾ ಬೀಳುವವನಿಗೆ ಮೈ ಉಳಿಸಿಕೊಳ್ಳುವ ಚಿಂತೆ. ಜೋಡಿ ಮೆಲ್ಲಮೆಲ್ಲಗೆ ಬೀಳುವುದರಲ್ಲೇ ಪಳಗಿದ. ಪೈಲ್ವಾನನ ಕೈ ಸೊಂಟಕ್ಕೆ ಬಂತೋ ಇಲ್ಲವೋ, ತಾನೇ ಹಗುರವಾಗಿ ಉರುಳಿಕೊಳ್ಳುತ್ತಿದ್ದ. ಪೈಲ್ವಾನ ಅದನ್ನು ತನ್ನ ಕೈಯ ಬಲವೆಂದೇ ತಿಳಿದ. ಮುಟ್ಟಿದರೆ ಸಾಕು, ಆಳು ನೆಲಕ್ಕೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಊರಿನವರು ಅವನನ್ನು ನಂಬಿ ದೊಡ್ಡ ಪಂದ್ಯಕ್ಕೆ ಕಳಿಸಿದರು. ಪೈಲ್ವಾನ ಎದುರಾಳಿಯ ಸೊಂಟಕ್ಕೆ ಕೈ ಹಾಕಿದ. ಹಾಕಿ, ಅವನು ಬೀಳಲೆಂದು ಕಾದ. ಪಾಪ, ಎದುರಾಳಿಗೆ ಆ ಅಭ್ಯಾಸವಿರಲಿಲ್ಲ. ಪೈಲ್ವಾನನೇ ಅಂಗಾತ ಬಿದ್ದು ಆಕಾಶ ನೋಡಿದ.

ಮನೆಗೆ ಬಂದು ಮಲಗಿದವನ ಬೆನ್ನಿಗೆ ಜೋಡಿಯೇ ಎಣ್ಣೆ ಕಾಯಿಸಿ ತಂದು ತಿಕ್ಕಿದ. ಪೈಲ್ವಾನನಿಗೆ ದುಃಖ ಉಕ್ಕಿ ಬಂತು.

“ನಿನ್ನಷ್ಟಕ್ಕೆ ನೀನೇ ಬೀಳ್ತಿದ್ದೆ. ಇಷ್ಟು ದಿನ ನನಗೆ ಮೋಸ ಮಾಡಿದೆಯಲ್ಲೋ” ಎಂದ.

ಜೋಡಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ನೀನು ನನಗೆ ಕಲಿಸಿದ್ದು ಅದೊಂದೇ ಕಣೋ. ಅದನ್ನ ಚೆನ್ನಾಗಿ ಕಲಿತೆ.”

ನೋವು ಇಳಿದ ಮೇಲೆ ಪೈಲ್ವಾನ ಮತ್ತೆ ಅಖಾಡಕ್ಕೆ ಇಳಿದ. ಈ ಸಲ ಕೈ ಇಳಿಬಿಟ್ಟು ನಿಂತು, ಸರದಿ ನಿನ್ನದು ಎಂದ. ಜೋಡಿಗೆ ಪಟ್ಟು ಹಾಕುವುದೇ ಮರೆತುಹೋಗಿತ್ತು. ಪೈಲ್ವಾನನೇ ಅವನ ಕೈಗಳನ್ನು ತನ್ನ ಸೊಂಟಕ್ಕೆ ಇಟ್ಟುಕೊಂಡು, ತನ್ನನ್ನು ಹೇಗೆ ಕೆಡವಬೇಕೆಂದು ಹೇಳಿಕೊಟ್ಟ. ತಾನು ಹಾಕುವ ಪಟ್ಟಿನಿಂದ ಬಿಡಿಸಿಕೊಳ್ಳುವ ಬಗೆಯನ್ನೂ ಮುಚ್ಚಿಡಲಿಲ್ಲ. ಜೋಡಿ ನಿಧಾನಕ್ಕೆ ಗಟ್ಟಿಯಾದ, ಕಾಲೂರಿ ನಿಲ್ಲತೊಡಗಿದ. ಬರಬರುತ್ತ ಪೈಲ್ವಾನನಿಗೆ ಅವನನ್ನು ಅಲುಗಾಡಿಸುವುದೇ ಕಷ್ಟವಾಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ಬೆಳಗ್ಗೆ ಜೋಡಿ ಅವನನ್ನು ಎತ್ತಿ ಒಗೆದ. ಪೈಲ್ವಾನ ಮಣ್ಣಿನಲ್ಲಿ ಮಲಗಿಕೊಂಡೇ ಹೊಟ್ಟೆ ತುಂಬ ನಕ್ಕ. ಅಷ್ಟು ಸಂತೋಷ ಅವನಿಗೆ ಗೆದ್ದಾಗಲೂ ಆಗಿರಲಿಲ್ಲ.

ಹುಲಿಯಪ್ಪನವರು ಕತೆ ನಿಲ್ಲಿಸಿದರು. ದ್ಯಾವಣ್ಣನಿಗೆ ಕತೆ ಹಿಡಿಸಿತು. ಆದರೆ ಅವನ ಮನಸ್ಸೆಲ್ಲ ಮುಂದಿನ ಪಂದ್ಯದ ಮೇಲೆ. ಪೈಲ್ವಾನ ಸೋತ ಜಾಗಕ್ಕೆ ಮತ್ತೆ ಹೋಗಿರಲೇಬೇಕು ಎನಿಸಿತು.

“ಆಮೇಲೆ ಪಂದ್ಯದಲ್ಲಿ ಗೆದ್ದನಾ ಗುರುಗಳೇ?” ಎಂದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

“ಅದಿರಲಿ ಮಗಾ, ಇವತ್ತು ನಿನ್ನ ಜೋಡಿ ಏನು ಕಲಿತ?”

ದ್ಯಾವಣ್ಣ ಬೆಳಗಿನ ಅಭ್ಯಾಸವನ್ನು ನೆನೆದುಕೊಂಡ. ಜೋಡಿಗೆ ಒಂದು ಸರದಿಯನ್ನೂ ಬಿಟ್ಟುಕೊಟ್ಟಿರಲಿಲ್ಲ.