ಮಂಚದೆತ್ತರದ ಕಿಟಕಿ

“ಬುದ್ಧಿ, ಹೊಸ ಆಸ್ಪತ್ರೆಯ ವಾರ್ಡುಗಳಲ್ಲಿ ತಮ್ಮ ಭಾವಚಿತ್ರವನ್ನು ಯಾವ ಗೋಡೆಗೆ ಹಾಕಿಸೋಣ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಗುರುಶಾಂತ. ಆರು ವರ್ಷದವನಿದ್ದಾಗ ಮಠಕ್ಕೆ ಬಂದವನು. ಮಠ ಈಗ ಕಟ್ಟಿಸಲು ಹೊರಟಿದ್ದ ಆಸ್ಪತ್ರೆಯ ಹೊಣೆಯನ್ನೆಲ್ಲ ತಲೆಯ ಮೇಲೆ ಹೊತ್ತು ಓಡಾಡುತ್ತಿದ್ದ. ಗುರುಗಳ ಮುಂದೆ ನಕ್ಷೆ ಹಾಸಿ, ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ಪುಸ್ತಕ ಹೇರಿದ್ದ. ಪ್ರತಿ ಮಂಚದ ಎದುರಿಗೂ ಕೆಂಪು ಪೆನ್ಸಿಲಿನಲ್ಲಿ ಒಂದು ಚೌಕ ಎಳೆದಿದ್ದ. ಆ ಚೌಕಗಳೇ ಗುರುಗಳ ಪಟದ ಜಾಗ.

ಗುರುಗಳು ಕನ್ನಡಕ ಏರಿಸಿ ಒಂದೊಂದೇ ಚೌಕವನ್ನು ನೋಡಿದರು. ಇಷ್ಟೊಂದು ಕಡೆ ನಾನೇ ಇದ್ದರೆ ರೋಗಿ ಹೆದರಿ ಎದ್ದು ಓಡಿಯಾನು ಎಂದರು. ಶಿಷ್ಯ ನಕ್ಕನಾದರೂ ಉತ್ತರ ಸಿಗದೆ ಏಳುವ ಲಕ್ಷಣ ಕಾಣಲಿಲ್ಲ. ಗುರುಗಳು ಕನ್ನಡಕ ತೆಗೆದು ಮಡಚಿಟ್ಟು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನು ಏಳು ವರ್ಷದವನಿದ್ದಾಗ ವಿಷಮಶೀತಜ್ವರ ಬಂದು ಊರಿನ ಹಳೆಯ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದ. ಆಗಿನ ಆಸ್ಪತ್ರೆ ಎಂದರೆ ಏನು ಮಹಾ! ಹೆಂಚಿನ ಮಾಡು, ಹನ್ನೆರಡು ಮಂಚ, ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು. ಜ್ವರದ ವಾರ್ಡಿನೊಳಗೆ ಹೊರಗಿನವರು ಕಾಲಿಡಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ಹೆತ್ತ ತಾಯಿಯೂ ಹೊರಗೇ ಇರಬೇಕು.

ಆ ವಾರ್ಡನ್ನು ಕಟ್ಟಿದ ಗಾರೆ ಮೇಸ್ತ್ರಿಗೆ ಮಾತ್ರ ತನ್ನದೇ ಒಂದು ಪದ್ಧತಿಯಿತ್ತು. ಗೋಡೆ ಮೊಣಕಾಲೆತ್ತರ ಏಳುತ್ತಲೇ ಒಂದು ಮಂಚ ತರಿಸುವನು. ಮುಂದೆ ರೋಗಿ ಮಲಗಬೇಕಾದ ಜಾಗದಲ್ಲೇ ಅದನ್ನು ಹಾಕಿಸಿ ತಾನೇ ಅಂಗಾತ ಮಲಗುವನು. ಬಲಕ್ಕೆ ಹೊರಳಿ ನೋಡುವನು, ಎಡಕ್ಕೆ ಹೊರಳಿ ನೋಡುವನು. ಆಮೇಲೆ ಮಲಗಿದಲ್ಲಿಂದಲೇ ಕೈ ಚಾಚಿ, ಇಲ್ಲಿ ಕಿಟಕಿ ಬರಲಿ ಎಂದು ಗುರುತು ಹಾಕಿಸುವನು. ಮೇಸ್ತ್ರಿಗೆ ಕೆಲಸದ ಹೊತ್ತಿನಲ್ಲೇ ನಿದ್ದೆ ಎಂದು ಆಳುಗಳು ಆಡಿಕೊಂಡರೂ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೀಗಾಗಿ ಆ ಕಿಟಕಿಗಳೆಲ್ಲ ಮಂಚದ ಎತ್ತರಕ್ಕೇ ಇದ್ದವು. ನಿಂತವರು ಸೊಂಟ ಬಗ್ಗಿಸಿ ನೋಡಬೇಕು, ಮಲಗಿದವರಿಗೆ ಸಲೀಸು.

ಹುಡುಗ ಕಣ್ಣು ಬಿಟ್ಟರೆ ಸಾಕು, ಕಿಟಕಿಯಾಚೆ ಹುಣಸೆಮರದ ಕೆಳಗೆ ಅವ್ವ ಕಾಣುತ್ತಿದ್ದಳು. ಮೂರು ಕಲ್ಲು ಹೂಡಿ ಗಂಜಿ ಕಾಯಿಸಿ ಒಳಗೆ ಕಳಿಸುತ್ತಿದ್ದಳು. ಬಟ್ಟಲು ಇವನ ಕೈ ಸೇರಿತೆಂದು ಕಂಡ ಕೂಡಲೇ ಅಲ್ಲಿಂದಲೇ ಸನ್ನೆ ಮಾಡಿ ಕುಡಿ ಎನ್ನುತ್ತಿದ್ದಳು. ಅವಳ ಸನ್ನೆಗೆ ಕಹಿ ಔಷಧಿಯೂ ಗಂಟಲಲ್ಲಿ ಇಳಿಯುತ್ತಿತ್ತು. ಕೆಲವು ಸಲ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವಾಗ ಇವನಿಗೆ ಎಚ್ಚರವಾಗುತ್ತಿತ್ತು. ಮಗ ನೋಡುತ್ತಿದ್ದಾನೆಂದು ತಿಳಿದೊಡನೆ ಅವಳು ನಕ್ಕುಬಿಡುತ್ತಿದ್ದಳು. ಆ ನಗುವನ್ನು ಅವನು ತಲೆ ನರೆತ ಮೇಲೂ ಮರೆಯಲಿಲ್ಲ. ಗಲ್ಲಾದ ಮುಂದೆ ಕೂತಿದ್ದಾಗಲೂ ಒಮ್ಮೊಮ್ಮೆ ಅದು ನೆನಪಾಗಿ, ಗಿರಾಕಿ ಕೇಳಿದ್ದೊಂದು, ಇವನು ಕೊಟ್ಟದ್ದೊಂದು ಆಗುತ್ತಿತ್ತು.

ಅವ್ವ ಸಾಯುವ ಮುಂಚೆ ಒಂದೇ ಒಂದು ಮಾತು ಕೇಳಿದ್ದಳು. ಕಾಯಿಲೆ ಬಿದ್ದ ಮಕ್ಕಳಿಗೆ ಊರಿನಲ್ಲೊಂದು ಒಳ್ಳೆಯ ಆಸ್ಪತ್ರೆ ಮಾಡಿಸು, ಯಾವ ಮಗುವೂ ದಿಕ್ಕಿಲ್ಲದ ಹಾಗೆ ಮಲಗಬಾರದು ಎಂದಿದ್ದಳು. ಹಳೆಯ ಆಸ್ಪತ್ರೆ ಅಷ್ಟು ಹೊತ್ತಿಗೆ ಬಿರುಕು ಬಿಟ್ಟು ನೆಲಸಮವಾಗಿತ್ತು. ಅದೇ ಜಾಗದಲ್ಲಿ ಹೊಸದನ್ನು ಎಬ್ಬಿಸಲು ವ್ಯಾಪಾರಿ ಟೊಂಕ ಕಟ್ಟಿ ನಿಂತ. ಒಬ್ಬನಿಂದ ಆಗುವ ಕೆಲಸವಲ್ಲವೆಂದು ಸಮಿತಿ ಮಾಡಿಕೊಂಡು ಮನೆಮನೆಗೂ ಹೋದ. ಜನ ಕೈ ಬಿಚ್ಚಿ ಕೊಟ್ಟರು. ಕೊಟ್ಟವರೆಲ್ಲ ಒಂದು ಕಲ್ಲಿನ ಮೇಲೆ ಹೆಸರು ಕೇಳಿದರು.

ಮೊದಲು ಹೆಬ್ಬಾಗಿಲಲ್ಲಿ ಒಂದೇ ಕಲ್ಲು ಎಂದಾಗಿತ್ತು. ಅಲ್ಲಿ ಯಾರು ನಿಂತು ಓದುತ್ತಾರೆ, ವಾರ್ಡಿನೊಳಗೇ ಇರಲಿ ಎಂದು ಒಬ್ಬ ದಾನಿ ಮುಖ ಸಿಂಡರಿಸಿದ. ಅವನಿಗೆ ಒಪ್ಪಿದ ಮೇಲೆ ಉಳಿದವರಿಗೆ ಇಲ್ಲವೆನ್ನಲು ಆದೀತೇ? ಗೋಡೆಗಳು ತುಂಬಿದವು. ಮಂಚದ ಕಾಲಿಗೂ ಹೆಸರು ಬಂತು, ನೀರಿನ ಡ್ರಮ್ಮಿಗೂ ಬಂತು. ಫ್ಯಾನಿನ ರೆಕ್ಕೆಗೂ ಬರೆಸಿದರು. ಅದು ತಿರುಗುವಾಗ ಯಾರ ಹೆಸರೂ ಕಾಣುತ್ತಿರಲಿಲ್ಲ, ಅಷ್ಟು ಪುಣ್ಯ. ಕೊನೆಗೆ ಕಲ್ಲುಗಳು ಉಳಿದವು, ಗೋಡೆ ಉಳಿಯಲಿಲ್ಲ. ಎಂಜಿನಿಯರು ನಕ್ಷೆಯಲ್ಲಿ ಒಳ್ಳೆಯ ಕಿಟಕಿಗಳನ್ನೇ ಇಟ್ಟಿದ್ದ. ತಂಪಿಗೆ ಯಂತ್ರವಿದೆ, ಬೆಳಕಿಗೆ ದೀಪವಿದೆ, ಕಿಟಕಿ ಮುಚ್ಚಿದರೆ ಜಾಗವಾದೀತು ಎಂದು ಸಮಿತಿಯಲ್ಲಿ ಒಬ್ಬ ಸೂಚಿಸಿದ.

ವ್ಯಾಪಾರಿ ಅರೆಮನಸ್ಸಿನಲ್ಲಿದ್ದ. ಆಗ ಸಮಿತಿಯವರು, ಮಕ್ಕಳ ವಾರ್ಡಿನ ಕಿಟಕಿಯ ಜಾಗದಲ್ಲಿ ನಿಮ್ಮ ತಾಯಿಯ ಹೆಸರಿನ ಕಲ್ಲನ್ನೇ ಕೂರಿಸೋಣ, ಮಗು ಕಣ್ಣು ಬಿಟ್ಟರೆ ಮೊದಲು ಕಾಣುವುದು ಆ ತಾಯಿಯ ಹೆಸರೇ ಆಗಲಿ ಎಂದರು. ಅಷ್ಟು ಕೇಳಿ ಅವನ ಕಣ್ಣು ತುಂಬಿತು. ಆಗಲಿ ಎಂದುಬಿಟ್ಟ.

ಪ್ರಾರಂಭೋತ್ಸವಕ್ಕೆ ಮುಂಚೆ ಹಳೆಯ ಮೇಸ್ತ್ರಿಯನ್ನು ಮರ್ಯಾದೆಯಿಂದ ಕರೆಸಿ ಎಲ್ಲವನ್ನೂ ತೋರಿಸಿದರು. ಮುದುಕ ಕೋಲೂರಿಕೊಂಡು ಸುತ್ತಾಡಿ, ಕೆಲಸ ಗಟ್ಟಿಯಾಗಿದೆ ಎಂದು ಹೊಗಳಿದ. ಹೊರಡುವಾಗ, ಮಂಚದ ಮೇಲೆ ಯಾರಾದರೂ ಒಮ್ಮೆ ಮಲಗಿ ನೋಡಿದಿರಾ ಎಂದು ವಿಚಾರಿಸಿದ. ಸಮಿತಿಯವರೆಲ್ಲ ಬಿಡ್ತು ಬಿಡ್ತು ಎಂದರು. ಮೈಯಲ್ಲಿ ಚೆನ್ನಾಗಿರುವವರು ಆಸ್ಪತ್ರೆಯ ಮಂಚದ ಮೇಲೆ ಮಲಗುವುದು ಅಪಶಕುನ. ಪೂಜೆ ಮಾಡಿದರು, ಕುಂಬಳಕಾಯಿ ಒಡೆದರು, ಹೊಸ ಹಾಸಿಗೆಗೆ ಯಾರೂ ಮೈ ತಾಗಿಸಲಿಲ್ಲ.

ಮಕ್ಕಳ ವಾರ್ಡಿಗೆ ಮೊದಲು ಬಂದವಳು ಒಬ್ಬ ದರ್ಜಿಯ ಮಗಳು. ಅದೇ ಏಳು ವರ್ಷ, ಅದೇ ಜ್ವರ. ಡಾಕ್ಟರು ಗಟ್ಟಿಗರು, ಔಷಧಿಯೂ ಒಳ್ಳೆಯದೇ. ಅಂಟುಜ್ವರವೆಂದು ತಾಯಿಯನ್ನು ಹೊರಗಿಟ್ಟರು. ಮಗು ಅಳತೊಡಗಿತು. ಬಾಯಿಗಿಟ್ಟದ್ದನ್ನೆಲ್ಲ ಉಗುಳಿತು, ಸುಸ್ತಾಗುವವರೆಗೆ ಅತ್ತು, ಸುಧಾರಿಸಿಕೊಂಡು ಮತ್ತೆ ಅತ್ತಿತು. ಮೂರನೆಯ ದಿನ ದರ್ಜಿ, ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದ. ಮನೆಗೆ ಹೋದರೆ ಮಗು ಉಳಿಯುವ ಭರವಸೆಯಿಲ್ಲ ಎಂದರು ಡಾಕ್ಟರು. ವ್ಯಾಪಾರಿಗೆ ಸುದ್ದಿ ಮುಟ್ಟಿತು. ಅವ್ವನ ಮಾತಿಗೆ ಕಟ್ಟಿಸಿದ ಆಸ್ಪತ್ರೆಯಲ್ಲಿ ಮೊದಲ ಮಗುವೇ ಕೈತಪ್ಪಿ ಹೋಗುವುದರಲ್ಲಿತ್ತು.

ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವನು ಒಳಗೆ ಹೋದ. ಮಗುವಿನ ಪಕ್ಕದಲ್ಲಿ ನಿಂತು, ಅಳಬೇಡ ಕಂದ, ಅವ್ವ ಹೊರಗೇ ಇದ್ದಾಳೆ ಎಂದ.

“ಸುಳ್ಳು. ಅವ್ವ ನನ್ನನ್ನು ಬಿಟ್ಟು ಹೋದಳು,” ಎಂದಿತು ಮಗು.

ವ್ಯಾಪಾರಿಗೆ ಆಗ ಮೇಸ್ತ್ರಿಯ ಮಾತು ನೆನಪಾಯಿತು. ಶಕುನವೋ ಅಪಶಕುನವೋ, ಪಕ್ಕದ ಖಾಲಿ ಮಂಚದ ಮೇಲೆ ಕಾಲು ನೀಡಿ ಮಲಗಿಬಿಟ್ಟ. ಮಗುವಿನ ಕಡೆಗೆ ಹೊರಳಿ, ಅದು ನೋಡುತ್ತಿದ್ದ ಕಡೆಗೇ ನೋಡಿದ. ಕಪ್ಪು ಕಲ್ಲು, ಚಿನ್ನದ ಬಣ್ಣದ ಅಕ್ಷರ, ಅವ್ವನ ಹೆಸರು. ಇನ್ನೇನೂ ಕಾಣಲಿಲ್ಲ. ಐವತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಮಲಗಿ ತಾನು ಏನು ನೋಡುತ್ತಿದ್ದೆನೆಂದು ನೆನಪಾಗಿ, ಅವನು ಅಲ್ಲೇ ಬಿಕ್ಕಿಬಿಕ್ಕಿ ಅತ್ತ.

ಎದ್ದು ಹೊರಗೆ ಬಂದು ಕಟ್ಟಡವನ್ನು ಸುತ್ತಿ ಆ ಗೋಡೆಯ ಹಿಂಬದಿಗೆ ಹೋದ. ಮಗುವಿನ ತಾಯಿ ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲೇ ಕೂತಿದ್ದಳು. ಮಡಿಲಲ್ಲಿ ಗಂಜಿಯ ಪಾತ್ರೆಯಿತ್ತು. ಅವಳಿಗೂ ಮಗಳಿಗೂ ನಡುವೆ ಒಂದು ಕಲ್ಲು ಮಾತ್ರ.

ಆಗಿಂದಾಗಲೇ ಮೇಸ್ತ್ರಿಗೆ ಹೇಳಿ ಕಳಿಸಿದ. ಮುದುಕ ಉಳಿ ಸುತ್ತಿಗೆ ಹಿಡಿದ ಇಬ್ಬರು ಆಳುಗಳೊಡನೆ ಬಂದ. ಮಗುವಿನ ಮಂಚವನ್ನು ಆಚೆ ತುದಿಗೆ ಸರಿಸಿ, ಧೂಳು ಹೋಗದಂತೆ ಒದ್ದೆ ಬಟ್ಟೆ ಇಳಿಬಿಟ್ಟರು. ಕಲ್ಲಿನ ಮುಂದೆ ನಿಂತ ಮೇಸ್ತ್ರಿಗೆ ಕೈ ಬರಲಿಲ್ಲ.

“ಇದು ನಿಮ್ಮ ತಾಯಿ ಹೆಸರಿನ ಕಲ್ಲು, ಸಾಹುಕಾರರೇ. ಕೀಳಿಸಲೇ?”

“ಕೀಳಿಸಿ ಮೇಸ್ತ್ರಿ. ಅವ್ವ ಅದರ ಹಿಂದೆ ಕೂತಿದ್ದಾಳೆ.”

ಸಂಜೆಯ ಹೊತ್ತಿಗೆ ಗೋಡೆ ತೆರೆಯಿತು. ಮಂಚವನ್ನು ಮತ್ತೆ ಅದರ ಜಾಗಕ್ಕೆ ತಂದರು. ಮಗು ಕಣ್ಣು ಬಿಟ್ಟಿತು. ಆಚೆ ಕೂತವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ನಕ್ಕು, ಕುಡಿ ಎಂದು ಸನ್ನೆ ಮಾಡಿದಳು. ಮಗು ಬಟ್ಟಲಿಗೆ ಕೈ ಚಾಚಿತು. ವ್ಯಾಪಾರಿ ಮೂಲೆಗೆ ತಿರುಗಿ ನಿಂತುಕೊಂಡ. ಹದಿನೈದು ದಿನ ಕಳೆದು ಮಗು ತನ್ನ ಕಾಲ ಮೇಲೆ ನಡೆದುಕೊಂಡು ಮನೆಗೆ ಹೋಯಿತು.

ಕಿತ್ತ ಕಲ್ಲನ್ನು ಮೇಸ್ತ್ರಿ ಒಡೆಯಲಿಲ್ಲ. ಹೊರಗೆ ಕಿಟಕಿಯ ಎದುರಿಗೆ ಒಂದು ಕಟ್ಟೆ ಕಟ್ಟಿ, ಅಕ್ಷರಗಳು ಕೆಳಮುಖವಾಗುವಂತೆ ಅದನ್ನು ಹಾಸಿದ. ಕಾಯುವ ತಾಯಂದಿರು ಅದರ ಮೇಲೆ ಕೂರುತ್ತಿದ್ದರು. ಯಾರ ಕಲ್ಲೆಂದು ಅವರಿಗೆ ಗೊತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಉಳಿದ ದಾನಿಗಳು ಏನು ಮಾಡಿದರೆಂದು ಶಿಷ್ಯ ಕೇಳಿದ. ಮುಖ ಊದಿಸಿಕೊಂಡರೋ, ತಾವೂ ಕಲ್ಲು ಕೀಳಿಸಿದರೋ, ಅದು ನನಗೆ ಗೊತ್ತಿಲ್ಲಪ್ಪ ಎಂದರು ಗುರುಗಳು. ಶಿಷ್ಯ ನಕ್ಷೆಯ ಮೇಲೆ ಬಗ್ಗಿದ. ಮಂಚದ ಎದುರಿನ ಕೆಂಪು ಚೌಕಗಳನ್ನು ಒಂದೊಂದಾಗಿ ಅಳಿಸಿದ. ಅಳಿಸಿ ಮುಗಿದ ಮೇಲೆ, ಹಾಗಾದರೆ ಪಟವನ್ನು ಬಾಗಿಲಿನ ಮೇಲ್ಗಡೆ ಹಾಕಿಸೋಣವೇ ಬುದ್ಧಿ ಎಂದು ಮತ್ತೆ ಪೆನ್ಸಿಲು ಎತ್ತಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಚಿಕ್ಕಂದಿನಲ್ಲಿ ದಡಾರ ಎದ್ದು ಮಲಗಿದ್ದೆಯಲ್ಲ ಗುರುಶಾಂತ, ಆಗ ನೀನು ಕಣ್ಣು ಬಿಟ್ಟಾಗಲೆಲ್ಲ ನಾನು ಎಲ್ಲಿ ಕೂತಿರುತ್ತಿದ್ದೆ?”

“ನನ್ನ ಹಾಸಿಗೆಯ ಪಕ್ಕದಲ್ಲೇ ಬುದ್ಧಿ,” ಎಂದು ಶಿಷ್ಯ ಪೆನ್ಸಿಲನ್ನು ಕೆಳಗಿಟ್ಟ.