ಚಿಪ್ಪುಹುಳ ಮತ್ತು ಗುಳ್ಳೆ

ಮೀನುದೋಣಿಯ ತಳಕ್ಕೆ ಚಿಪ್ಪುಹುಳ ತನ್ನ ಬಳಗದ ಸಮೇತ ಅಂಟ್ಕೊಂಡ್ಬಿಟ್ಟಿದ್ದ, ಪಾಪ ದೋಣಿ ಓಡೋಕಾಗದೆ ದಿನಾ ಹಿಂದೆ ಬೀಳೋದು, ಮೀನೆಲ್ಲ ಬೇರೆಯವರ ಪಾಲು.

“ಇಳಿದು ಹೋಗಪ್ಪಾ,” ಅಂತು ದೋಣಿ.

“ಉಳಿ ಹಾಕಿ ಕೆತ್ತಿದ್ರೂ ನಾನು ಜಗ್ಗಿಲ್ಲ, ನಿನ್ನ ಮಾತಿಗೆ ಇಳೀತೀನಾ?”

ಆಗ ತಳ ತೊಳೆಯೋಕೆ ಬಂದ ಡೈವರ್ ಒಬ್ಬ ನೀರೊಳಗೇ, ಜೋರಾಗಿ ನೀರು ಚಿಮ್ಮೋ ಪ್ರೆಶರ್ ಪೈಪು ಬಿಟ್ಟ ನೋಡಿ, ಆ ರಭಸಕ್ಕೆ ಗುಳ್ಳೆಗಳು ಹುಟ್ಕೊಂಡು ನುಗ್ಗಿ ಬಂದ್ವು.

ಚಿಪ್ಪುಹುಳ ನಕ್ಕ. “ಲೇ ಗುಳ್ಳೆ, ನನ್ನ ಮುಟ್ಟಿದ್ರೆ ಒಡೆದು ಹೋಗ್ತೀಯ.”

“ಹೌದಣ್ಣ, ಒಡೆಯೋದೇ ನನ್ನ ಪೆಟ್ಟು,” ಅಂದು ಗುಳ್ಳೆ ಅವನ ಬುಡದಲ್ಲೇ ಒಡೀತು. ಸುತ್ತಲ ನೀರು ಆ ಜಾಗಕ್ಕೆ ನುಗ್ಗಿ ಸುತ್ತಿಗೆ ಥರ ಬಡೀತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಒಂದೇ ಸಮ. ಬಳಗವೆಲ್ಲ ಉದುರಿ, ದೋಣಿ ಹಗುರಾಗಿ ಹೊರಟೇ ಹೋಯ್ತು.

ಮರಳಿಗೆ ಬಿದ್ದ ಚಿಪ್ಪುಹುಳ, “ನನ್ನ ಬೀಳಿಸಿದ್ದು ಯಾರೋ, ಎದುರಿಗೆ ಬನ್ನಿ,” ಅಂತ ಅಬ್ಬರಿಸಿದ.

ಎದುರಿಗೆ ಬರೋಕೆ ಒಂದು ಗುಳ್ಳೆನೂ ಉಳಿದಿರ್ಲಿಲ್ಲ.