ಚಾರ್ಜರ್ ಕಾದ ಬೀಗ

ಬೀಗ ಮಾತಾಡುತ್ತದೆಯೇ ಎಂದು ಕೇಳಬೇಡಿ, ಗುರುಬಸಪ್ಪನವರ ವಠಾರದ ಹಿತ್ತಾಳೆ ಬೀಗ ಮಾತಾಡುತ್ತಿತ್ತು. ಬಾಡಿಗೆಯವರ ಎಲೆಕ್ಟ್ರಿಕ್ ಸ್ಕೂಟರಿಗೆಂದು ಗುರುಬಸಪ್ಪನವರು ಗೋಡೆಗೆ ಚಾರ್ಜರ್ ಹಾಕಿಸಿದರು, ಕುಂಕುಮವಿಟ್ಟು ನಿಂಬೆಹಣ್ಣು ಕಟ್ಟಿದರು. ಆಮೇಲೆ ಸುತ್ತ ಕಬ್ಬಿಣದ ಪಂಜರ ಮಾಡಿಸಿ, ಬೀಗ ಜಡಿದು, ಕೀಲಿಯನ್ನು ತಮ್ಮ ಉಡಿದಾರಕ್ಕೆ ಸಿಕ್ಕಿಸಿಕೊಂಡರು.

“ಹೆದರಬೇಡ ತಮ್ಮಾ, ನಾನಿರುವವರೆಗೆ ನಿನ್ನನ್ನು ಯಾರೂ ಮುಟ್ಟಲಾರರು,” ಎಂದಿತು ಬೀಗ.

“ಮುಟ್ಟಿಸಿಕೊಳ್ಳಲೆಂದೇ ಬಂದವನು ನಾನು, ಬೀಗಣ್ಣಾ,” ಎಂದಿತು ಚಾರ್ಜರ್.

ಮಹಡಿ ಮನೆಯ ನರ್ಸ್ ಫಿಲೋಮಿನಾ ಬೆಳಿಗ್ಗೆ ಸ್ಕೂಟರ್ ತಂದು ನಿಲ್ಲಿಸಿದಳು. ಯಜಮಾನರು ಪೂಜೆಗೆ ಕೂತಿದ್ದರು. ಸಂಜೆ ಬಂದಳು. ಯಜಮಾನರು ವಾಕಿಂಗ್ ಹೋಗಿದ್ದರು, ಉಡಿದಾರವೂ ಜೊತೆಗೇ ಹೋಗಿತ್ತು. ವಾರವಿಡೀ ಹೀಗೇ ಆಗಿ, ಸ್ಕೂಟರ್ ನಿಂತಲ್ಲೇ ಬಿಟ್ಟು ಅವಳು ಬಸ್ಸಿಗೆ ಓಡಿದಳು.

“ಆಕೆ ಬೇರೆ ಮನೆ ಹುಡುಕುತ್ತಿದ್ದಾಳೆ. ಸ್ವಲ್ಪ ಸಡಿಲವಾಗಣ್ಣಾ,” ಎಂದು ಚಾರ್ಜರ್ ಬೇಡಿಕೊಂಡಿತು.

“ಸಡಿಲವಾದರೆ ನನ್ನನ್ನು ಬೀಗ ಅನ್ನುತ್ತಾರಾ? ಇಷ್ಟು ದಿನದಲ್ಲಿ ಒಂದು ತೊಟ್ಟು ಕರೆಂಟು ಕಳುವಾಗಿದೆಯಾ, ಹೇಳು.”

“ಕಳುವೂ ಆಗಿಲ್ಲ, ಬಳಕೆಯೂ ಆಗಿಲ್ಲ.”

ತಿಂಗಳು ಮುಗಿಯುತ್ತಲೇ ಫಿಲೋಮಿನಾ ಮನೆ ಖಾಲಿ ಮಾಡಿದಳು. ಯಜಮಾನರು ಪಂಜರದ ಬೀಗ ಬಿಚ್ಚಿ ಅವಳು ಬಿಟ್ಟ ಮನೆಯ ಬಾಗಿಲಿಗೆ ಹಾಕಿದರು.

ಬೀಗ ಮಹಡಿಯಿಂದ ಕೂಗಿ ಹೇಳಿತು: “ನೋಡಿದೆಯಾ ತಮ್ಮಾ, ನನಗೆ ಬಡ್ತಿ. ಈಗ ಇಡೀ ಮನೆ ನನ್ನ ಕಾವಲಿನಲ್ಲಿದೆ.”

“ಸಂತೋಷ. ಒಳಗೆ ಏನಿದೆಯಣ್ಣಾ?”

ಬೀಗ ಬಾಗಿಲ ಸಂದಿಯಲ್ಲಿ ಇಣುಕಿತು. ಬಹಳ ಹೊತ್ತು ನೋಡಿ, “ಏನಿದ್ದರೇನು, ಗಟ್ಟಿಯಾಗಿ ಹಿಡಿದಿದ್ದೇನೆ,” ಎಂದಿತು.